ಆಲೂಗೆಡ್ಡೆ ಪಿಎಚ್‌ಡಿ ಮಾಡಿ ಮೈಕ್ ಹಿಡಿದದ್ದು

'ಫಾರಿನ್‌ನಲ್ಲಿ ಅಷ್ಟು ಓದಿ ಕೊನೆಗೆ ಈ ಕೆಲಸಾನಾ?' ಮದುವೆ ಮನೆಯಲ್ಲಿ ಕೇಳುತ್ತಾರೆ, ಕೆಲಸದ ಇಂಟರ್‌ವ್ಯೂನಲ್ಲೂ ಕೇಳಿದ್ದಾರೆ. ನಾನು ಮಾಡುವುದು ಕೃಷಿ ಸಂಶೋಧನೆಯ ಸುದ್ದಿಯನ್ನು ರೈತರಿಗೆ ಮುಟ್ಟಿಸುವ ಕೆಲಸ. ಕರಪತ್ರ ಬರೆಯುತ್ತೇನೆ, ವಾಟ್ಸಾಪ್ ಆಡಿಯೋ ಮಾಡುತ್ತೇನೆ, ರೇಡಿಯೋ ಮಾತುಕತೆಗೆ ಸ್ಕ್ರಿಪ್ಟ್ ಮಾಡಿಕೊಡುತ್ತೇನೆ. ಮೈಕ್ ಕಂಡರೆ ಬೆವರುವ ವಿಜ್ಞಾನಿಗಳನ್ನು ಕೂರಿಸಿಕೊಂಡು ಮಾತು ಕಲಿಸುವುದೂ ಉಂಟು. ಓದಿದ್ದು ಇದಕ್ಕೆ ಉಪಯೋಗಕ್ಕೆ ಬಂತಾ ಅಂದರೆ, ಬಂತು. ಆದರೆ ಯಾವುದು ಬಂತು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮದು ಹಾಸನದ ಕಡೆ, ಅರಕಲಗೂಡಿನ ಹತ್ತಿರ. ಜಲಂಧರ್‌ನಿಂದ ಬಂದ ಬಿತ್ತನೆ ಗೆಡ್ಡೆಯನ್ನು ಹಾಸನದ ಎಪಿಎಂಸಿಯಲ್ಲಿ ಕೊಂಡು ತಂದು, ಮುಂಗಾರಿಗೆ ಹಾಕಿ, ಆಮೇಲೆ ಆಕಾಶ ನೋಡುತ್ತಾ ಕೂರುವ ಊರು. ಜಡಿಮಳೆ ಹಿಡಿದು ಬಿಸಿಲೇ ಕಾಣದಿದ್ದರೆ ವಾರದೊಳಗೆ ಹೊಲ ಸುಟ್ಟ ಹಾಗೆ ಕಪ್ಪಾಗುತ್ತದೆ. ಅದೇ ಅಂಗಮಾರಿ. 1845ರಲ್ಲಿ ಐರ್ಲೆಂಡಿನಲ್ಲಿ ಕ್ಷಾಮ ತಂದದ್ದೂ ಇದೇ ರೋಗ. ಅದನ್ನೇ ಓದೋಣ ಅಂತ 2015ರಲ್ಲಿ ನೆದರ್ಲೆಂಡ್ಸ್‌ನ ವಾಗೆನಿಂಗನ್ ವಿಶ್ವವಿದ್ಯಾಲಯಕ್ಕೆ ಹೋದೆ. ಅಲ್ಲಿ ಪಿಎಚ್‌ಡಿ ಅಂದರೆ ನೌಕರಿ. ಸಂಬಳ ಇದೆ, ನಾಲ್ಕು ವರ್ಷದ ಕಾಂಟ್ರಾಕ್ಟ್ ಇದೆ, ತೆರಿಗೆಯೂ ಇದೆ. ಚಳಿ, ಸೈಕಲ್, ಬ್ರೆಡ್ಡಿನ ಊಟದ ಕಥೆ ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ.

ನಾನು ಹೋದಾಗ ಅಲ್ಲಿ ಡರ್ಫ್ ಅನ್ನೋ ಯೋಜನೆಯ ಕೊನೆಯ ವರ್ಷ. ಕಾಡು ಆಲೂಗೆಡ್ಡೆಯ ರೋಗನಿರೋಧಕ ಜೀನ್‌ಗಳನ್ನು ಬೇಸಾಯದ ಆಲೂಗೆಡ್ಡೆಗೆ ಸೇರಿಸುವ ಕೆಲಸ, ಸರ್ಕಾರದ ದುಡ್ಡು, 2006ರಿಂದ ನಡೆದಿತ್ತು. ಡಚ್ ರೈತರು ಒಂದು ಬೆಳೆಗೆ ಹತ್ತು-ಹದಿನೈದು ಸಲ ಔಷಧಿ ಹೊಡೆಯುತ್ತಾರೆ, ಅದನ್ನು ಇಳಿಸಬೇಕಿತ್ತು. ನನ್ನ ಗಮನ ಸೆಳೆದದ್ದು ಬೇರೆ. ಜನರಿಗೆ ತಿಳಿಸುವುದನ್ನೇ ಅವರು ಯೋಜನೆಯ ಒಂದು ಭಾಗ ಮಾಡಿಕೊಂಡಿದ್ದರು. ಕುಲಾಂತರಿ ಅಂದರೆ ಯುರೋಪಿನಲ್ಲಿ ಜನ ಉರಿದು ಬೀಳುತ್ತಾರೆ. ಹಾಗಿದ್ದೂ ಪ್ರಯೋಗದ ಹೊಲಕ್ಕೆ ಜನರನ್ನು ಕರೆದು ತೋರಿಸುತ್ತಿದ್ದರು. ನಮ್ಮಲ್ಲಿ ಪ್ರಚಾರ ಅಂದರೆ ಯೋಜನೆ ಮುಗಿದ ಮೇಲೆ ಒಂದು ಪತ್ರಿಕಾ ಹೇಳಿಕೆ, ಒಂದು ಗ್ರೂಪ್ ಫೋಟೋ, ಅಲ್ವಾ?

ಇನ್ನು ಡಿಫೆನ್ಸ್, ಅಂದರೆ ಪ್ರಬಂಧವನ್ನು ಸಮರ್ಥಿಸಿಕೊಳ್ಳುವ ಕೊನೆಯ ಪರೀಕ್ಷೆ. ಅದು ಅಲ್ಲಿ ಬಾಗಿಲು ಹಾಕಿಕೊಂಡು ಮಾಡುವ ಪರೀಕ್ಷೆ ಅಲ್ಲ. ಯಾರು ಬೇಕಾದರೂ ಬಂದು ಕೂರಬಹುದು. ಮೊದಲು ಸಭೆಗೆ ಹತ್ತು-ಹದಿನೈದು ನಿಮಿಷ ನಮ್ಮ ಕೆಲಸ ಏನು ಅಂತ ಹೇಳಬೇಕು. ಆಮೇಲೆ ನಿಲುವಂಗಿ ತೊಟ್ಟ ಪ್ರೊಫೆಸರುಗಳ ಪ್ರಶ್ನೆ. ಸಮಯ ಮುಗಿದ ಕೂಡಲೇ ಪೆಡೆಲ್ ಅನ್ನುವ, ಸಮಾರಂಭ ನೋಡಿಕೊಳ್ಳುವ ಅಧಿಕಾರಿ ದಂಡ ಹಿಡಿದು ಬಂದು 'ಹೋರಾ ಎಸ್ಟ್', ಅಂದರೆ ಹೊತ್ತಾಯಿತು ಅನ್ನುತ್ತಾರೆ. ಅರ್ಧ ವಾಕ್ಯದಲ್ಲಿದ್ದರೂ ನಿಲ್ಲಿಸಿಬಿಡಬಹುದು. ರೇಡಿಯೋ ಸ್ಟುಡಿಯೋದಲ್ಲಿ ಈಗ ಗಡಿಯಾರ ನೋಡುವಾಗ ನನಗೆ ಅವರ ನೆನಪಾಗುತ್ತದೆ.

ಇಷ್ಟೇ ಅಲ್ಲ. ಪ್ರಬಂಧದ ಜೊತೆಗೆ ಒಂದು ಹಾಳೆಯಲ್ಲಿ 'ಸ್ಟೆಲ್ಲಿಂಗೆನ್' ಕೊಡಬೇಕು. ಒಂದೊಂದು ಸಾಲಿನ ವಾದಗಳು. ಒಂದೆರಡು ನಮ್ಮ ಸಂಶೋಧನೆಯ ಬಗ್ಗೆ, ಉಳಿದವು ಬೇರೆ ವಿಜ್ಞಾನ, ಸಮಾಜ, ಬದುಕಿನ ಬಗ್ಗೆ. ಯಾವ ಸಾಲನ್ನು ಹಿಡಿದು ಬೇಕಾದರೂ ಪ್ರಶ್ನೆ ಕೇಳಬಹುದು. ನನ್ನದೊಂದು ಹೀಗಿತ್ತು: 'ರೈತನಿಗೆ ಅರ್ಥವಾಗದ ರೋಗ ಮುನ್ಸೂಚನೆ ಮುನ್ಸೂಚನೆಯೇ ಅಲ್ಲ.' ಬರೆಯುವಾಗ ಭಾರೀ ಖುಷಿಯಾಗಿತ್ತು. ಡಿಫೆನ್ಸ್‌ನಲ್ಲಿ ಒಬ್ಬರು ತಣ್ಣಗೆ ಕೇಳಿದರು: 'ಅರ್ಥವಾಗಿಯೂ ರೈತ ಔಷಧಿ ಹೊಡೆಯದಿದ್ದರೆ? ಅವನ ಕೈಯಲ್ಲಿ ಆ ವಾರ ದುಡ್ಡಿಲ್ಲದಿದ್ದರೆ?' ನಾನು ನಮ್ಮೂರಿನ ಔಷಧಿ ಅಂಗಡಿಯ ಸಾಲದ ಪುಸ್ತಕದ ಬಗ್ಗೆ ಹೇಳಿದೆ. ಪ್ರಬಂಧದ ಅಷ್ಟು ಪುಟಗಳಲ್ಲಿ ಆ ಪುಸ್ತಕದ ಸುದ್ದಿಯೇ ಇರಲಿಲ್ಲ.

ಊರಿಗೆ ಬಂದ ಮೇಲೆ ಇದೆಲ್ಲ ಎಲ್ಲಿ ಕೆಲಸಕ್ಕೆ ಬಂತು ಅನ್ನೋದಕ್ಕೆ ಒಂದು ಉದಾಹರಣೆ. ಅಂಗಮಾರಿ ರೋಗಾಣುವಿನ '13_ಎ2' ಅನ್ನೋ ತಳಿ ಮೊದಲು ಸುದ್ದಿಯಾದದ್ದು ಯುರೋಪಿನಲ್ಲಿ. ಆಮೇಲೆ ದಕ್ಷಿಣ ಭಾರತದ ಟೊಮೆಟೊ, ಆಲೂಗೆಡ್ಡೆ ಹೊಲಗಳಲ್ಲೂ ಸಿಕ್ಕಿತು. ಮೆಟಲಾಕ್ಸಿಲ್ ಅನ್ನೋ ಔಷಧಿಗೆ ಅದು ಬಗ್ಗುವುದಿಲ್ಲ. ಇದರ ಬಗ್ಗೆ ರೇಡಿಯೋಗೆ ಒಬ್ಬ ವಿಜ್ಞಾನಿ ಬರೆದುಕೊಟ್ಟ ಸಾಲು: 'ಕೆಲವು ಪ್ರದೇಶಗಳಲ್ಲಿ ಕೆಲವು ಸಂದರ್ಭಗಳಲ್ಲಿ ಪ್ರತಿರೋಧ ಕಂಡುಬರುವ ಸಾಧ್ಯತೆ ಇರಬಹುದೆಂದು ಅಧ್ಯಯನಗಳು ಸೂಚಿಸುತ್ತವೆ.' ನಮ್ಮ ದೊಡ್ಡಪ್ಪನಿಗೆ ಓದಿ ಹೇಳಿದೆ. 'ಹೊಡೀಬೇಕಾ ಬೇಡ್ವಾ, ಅದನ್ನ ಹೇಳ್ಲಾ' ಅಂದರು.

ನನ್ನ ಪಿಎಚ್‌ಡಿ ಕೆಲಸಕ್ಕೆ ಬರುವುದು ಇಲ್ಲೇ. ಆ ಸಾಲಿನಲ್ಲಿರುವ 'ಇರಬಹುದು'ಗಳಲ್ಲಿ ಯಾವುದು ನಿಜವಾದ ಅನುಮಾನ, ಯಾವುದು ಸಹೋದ್ಯೋಗಿಗಳು ಏನಂದುಕೊಳ್ಳುತ್ತಾರೋ ಅನ್ನೋ ಹೆದರಿಕೆ, ಇದು ನನಗೆ ಗೊತ್ತಾಗುತ್ತದೆ. ನಾನೂ ಅಂಥ ಸಾಲುಗಳನ್ನು ವರ್ಷಗಟ್ಟಲೆ ಬರೆದವನೇ. 'ಸರ್, ಎಷ್ಟು ಹೊಲದ ಸ್ಯಾಂಪಲ್ ನೋಡಿದ್ದಾರೆ? ಪ್ರತಿರೋಧ ಇಲ್ಲದ್ದು ಎಷ್ಟು ಸಿಕ್ಕಿದೆ?' ಅಂತ ಕೇಳಿದೆ. ಪೇಪರ್ ತೆಗೆದು ಇಬ್ಬರೂ ನೋಡಿದೆವು. ಕೊನೆಗೆ ಪ್ರಸಾರವಾದದ್ದು: 'ಮೆಟಲಾಕ್ಸಿಲ್ ಒಂದನ್ನೇ ನಂಬಬೇಡಿ. ಎಲೆ ಮೇಲೆ ಚುಕ್ಕೆ ಕಾಣೋವರೆಗೂ ಕಾಯಬೇಡಿ. ಮೋಡ ಹಿಡಿದು ಕೂತಾಗಲೇ ಮ್ಯಾಂಕೋಜೆಬ್ ಹೊಡೆಯಿರಿ.' ಬರೀ ಪತ್ರಿಕೋದ್ಯಮ ಓದಿ ಬಂದಿದ್ದರೆ ಆ ವಿಜ್ಞಾನಿ ನನ್ನ ಜೊತೆ ಅಷ್ಟು ಹೊತ್ತು ಕೂರುತ್ತಿದ್ದರೋ ಇಲ್ಲವೋ. ಹೆಸರಿನ ಮುಂದೆ ಡಾಕ್ಟರ್ ಇದ್ದರೆ ಫೋನ್ ಎತ್ತುತ್ತಾರೆ, ಇದು ಬೇಜಾರಿನ ಸಂಗತಿಯಾದರೂ ನಿಜ.

ಕನ್ನಡ ಮಾತ್ರ ಅಲ್ಲಿಂದ ಬರಲಿಲ್ಲ. ಅದನ್ನು ಸಂತೆಯಲ್ಲಿ, ಔಷಧಿ ಅಂಗಡಿಯ ಕಟ್ಟೆ ಮೇಲೆ ಕೂತು ಸರಿಮಾಡಿಕೊಳ್ಳಬೇಕಾಯಿತು. ಸಂಬಳವೂ ಹೇಳಿಕೊಳ್ಳುವ ಹಾಗಿಲ್ಲ. ಜೊತೆಗೆ ಓದಿದವರು ಬೀಜದ ಕಂಪನಿಗಳಲ್ಲಿ ನನಗಿಂತ ಎಷ್ಟೋ ಜಾಸ್ತಿ ದುಡಿಯುತ್ತಾರೆ.

ಅದಕ್ಕೇ ಸಲಹೆ ಕೇಳುವ ಹುಡುಗ ಹುಡುಗಿಯರಿಗೆ ನೇರವಾಗಿ ಹೇಳುತ್ತೇನೆ. ಜನರಿಗೆ ವಿಜ್ಞಾನ ಹೇಳುವುದಷ್ಟೇ ಆಸೆಯಾದರೆ ಸುಮ್ನೆ ಪಿಎಚ್‌ಡಿಗೆ ಹೋಗಬೇಡಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಇದಕ್ಕೇ ಅಂತ ಎಂಎಸ್ಸಿ ಇದೆ, 1991ರಿಂದ ನಡೆಸುತ್ತಿದ್ದಾರೆ. ಪಿಎಚ್‌ಡಿ ಮಾಡಿದರೆ ನಿಮ್ಮ ಸಂಶೋಧನೆಯ ಪ್ರಶ್ನೆ ನಿಮ್ಮನ್ನು ನಿದ್ದೆಗೆಡಿಸಬೇಕು. ಇಲ್ಲದಿದ್ದರೆ ನಾಲ್ಕು ವರ್ಷ ಲ್ಯಾಬಿನಲ್ಲಿ ಪಿಪೆಟ್ ಹಿಡಿದು ಕೂರುವುದು ಯಾರಿಗೂ ಬೇಡ.

ಹೋದ ತಿಂಗಳು ಬೆಂಗಳೂರಿನ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಒಂದು ತರಗತಿ ಮಾಡಿದೆ. ಡಚ್ಚರ ಹಾಗೆ ಒಂದೊಂದು ಸಾಲಿನ ವಾದ ಬರೆಯಿರಿ ಅಂದೆ, ಕನ್ನಡದಲ್ಲೇ. ಒಬ್ಬಳು ಬರೆದಳು: 'ನನ್ನ ಗೈಡ್‌ಗೆ ಅರ್ಥವಾಗಿ ನಮ್ಮಮ್ಮನಿಗೆ ಅರ್ಥವಾಗದಿದ್ದರೆ ನಾನು ಅರ್ಧ ಕೆಲಸ ಮಾಡಿದ್ದೇನೆ.' ಪಕ್ಕದವನು ಎದ್ದು ನಿಂತ, 'ಯಾವ ಅರ್ಧ?' ಅಂದ. ಊಟದ ಹೊತ್ತು ಮೀರಿದರೂ ಆ ಜಗಳ ಮುಗಿಯಲಿಲ್ಲ.