ಜಲಸಂಗಿಯಲ್ಲಿ ಬಲೂನು ಇಳಿದ ಜಾಗ

ಹುಮನಾಬಾದಿನಿಂದ ಆಟೋ ಹಿಡಿದು ಜಲಸಂಗಿಗೆ ಹೊರಟಾಗ ದಾರಿಯ ಎರಡೂ ಕಡೆ ತೊಗರಿ ಒಣಗಿ ನಿಂತಿತ್ತು. ಈ ಊರಿಗೆ ಜನ ಬರುವುದು ಚಾಲುಕ್ಯರ ಗುಡಿಯ ಶಿಲಾಬಾಲಿಕೆ ನೋಡಲು. ನನಗೆ ಇನ್ನೊಂದು ಆಸೆಯೂ ಇತ್ತು. 2025ರ ಜನವರಿಯಲ್ಲಿ ಹೈದರಾಬಾದಿನಿಂದ ಟಿಐಎಫ್‌ಆರ್ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆ ಹಾರಿಬಿಟ್ಟ ದೊಡ್ಡ ಬಲೂನು ಬಂದು ಇಳಿದದ್ದು ಇಲ್ಲೇ.

ಮೊದಲು ಗುಡಿ. ಹೊರಗೋಡೆಯಲ್ಲಿ ಆ ಹೆಣ್ಣುಮಗಳು ಮೈ ಬಳುಕಿಸಿ ನಿಂತು, ಆರನೇ ವಿಕ್ರಮಾದಿತ್ಯನನ್ನು ಹೊಗಳಿ ಶಾಸನ ಬರೆಯುತ್ತಿದ್ದಾಳೆ. ಬೆರಳುಗಳನ್ನೇ ಎಷ್ಟೋ ಹೊತ್ತು ನೋಡಿದೆ.

ಕಟ್ಟೆ ಮೇಲೆ ಕೂತಿದ್ದ ಅಜ್ಜನಿಗೆ ಬಲೂನಿನ ವಿಷಯ ಕೇಳಿದೆ.

"ಹೌದ್ರಿ, ಮಂದಿ ಅಂಜಿ ಹತ್ರ ಹೋಗ್ಲಿಲ್ರಿ. ಯಾಕ ಬಿಡ್ತಾರ್ರಿ ಅವನ್ನ?"

ಎಲ್ಲ ಬಲೂನಿಗೂ ಒಂದೇ ಕೆಲಸ ಇರಲ್ಲ ಅಜ್ಜಾ, ಕೆಲವು ಕಾಸ್ಮಿಕ್ ಕಿರಣ ಅಳೆಯೋಕೆ ಹೋಗ್ತವೆ ಅಂದೆ. ದೂರದ ಆಕಾಶದಿಂದ ಬರುವ ಸಣ್ಣ ಸಣ್ಣ ಕಣಗಳು ಅವು. 1912ರಲ್ಲಿ ವಿಜ್ಞಾನಿ ವಿಕ್ಟರ್ ಹೆಸ್ ಬಲೂನಿನಲ್ಲಿ 5,000 ಮೀಟರಿಗೂ ಮೇಲೆ ಏರಿ, ಎತ್ತರಕ್ಕೆ ಹೋದಷ್ಟೂ ಇವು ಜಾಸ್ತಿ ಅಂತ ಕಂಡುಕೊಂಡರು. ಇದರ ಅಧ್ಯಯನಕ್ಕೆ ದಕ್ಷಿಣ ಧ್ರುವದವರೆಗೂ ಹೋಗ್ತಾರೆ ಅಂದಾಗ ಅಜ್ಜನಿಗೆ ಸಮಾಧಾನ ಆಗಲಿಲ್ಲ.

"ಅಷ್ಟ ದೂರ ಯಾಕ್ರಿ? ಇಲ್ಲೇ ಬಿಡ್ತಾರಲ್ಲ?"

ಒಳ್ಳೆಯ ಪ್ರಶ್ನೆ, ಅಲ್ವಾ? ಭೂಮಿ ಒಂದು ದೊಡ್ಡ ಅಯಸ್ಕಾಂತ. ನಮ್ಮ ಬೀದರಿನ ಮೇಲೆ ಅದು ಈ ಕಣಗಳನ್ನು ಪಕ್ಕಕ್ಕೆ ತಿರುಗಿಸುತ್ತದೆ, ಭಾರಿ ಶಕ್ತಿಯವು ಮಾತ್ರ ಒಳಗೆ ನುಗ್ಗುತ್ತವೆ. ಧ್ರುವದಲ್ಲಿ ಆ ತಡೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೇಲಾಗಿ ಅದು 2,835 ಮೀಟರ್ ಎತ್ತರದ ಜಾಗ, ಗಾಳಿ ತೆಳು. ಅಲ್ಲಿ ಈ ಕಣಗಳ ಅಧ್ಯಯನಕ್ಕೇ ಐಸ್‌ಟಾಪ್ ಅಂತ 162 ಟ್ಯಾಂಕುಗಳಿವೆ. ನೀರು ತುಂಬಿ, ಗುಳ್ಳೆ ಉಳಿಯದ ಹಾಗೆ ನಿಧಾನಕ್ಕೆ ಹೆಪ್ಪುಗಟ್ಟಿಸಿದ್ದಾರೆ. ಕಣವೊಂದು ಆ ತಿಳಿ ಮಂಜುಗಡ್ಡೆ ಹೊಕ್ಕರೆ ನೀಲಿ ಬೆಳಕು ಮಿನುಗುತ್ತದೆ, ಒಳಗಿನ ಸೆನ್ಸರ್ ಅದನ್ನು ಹಿಡಿಯುತ್ತದೆ. ಬಲೂನು ಬಿಡುವುದಕ್ಕೂ ಅಂಟಾರ್ಕ್ಟಿಕಾ ಅನುಕೂಲ, ಅಲ್ಲಿನ ಬೇಸಿಗೆಯಲ್ಲಿ ಸೂರ್ಯ ಮುಳುಗಲ್ಲ. ರಾತ್ರಿಯ ತಂಪಿಗೆ ಬಲೂನು ಕುಗ್ಗುವ ಮಾತೇ ಇಲ್ಲ. 2004ರ ಡಿಸೆಂಬರಿನಲ್ಲಿ ಕಾಸ್ಮಿಕ್ ಕಿರಣ ಅಳೆಯುವ ಕ್ರೀಮ್ ಎಂಬ ಉಪಕರಣ ಹೊತ್ತು ಹೊರಟ ಬಲೂನು ಸುಮಾರು 42 ದಿನ ತೇಲಿತು!

ಅಜ್ಜನ ಅಂಗೈ ಮುಟ್ಟಿ ತೋರಿಸಿದೆ. ಆ ಕಣಗಳು ಗಾಳಿಗೆ ಬಡಿದು ಹುಟ್ಟುವ ಮ್ಯುಯಾನ್ ಎಂಬ ಕಣ ಇಲ್ಲಿ ಸೆಕೆಂಡಿಗೆ ಒಂದರಂತೆ ದಾಟುತ್ತದೆ. ಅಜ್ಜ ಕೈ ತಿರುಗಿಸಿ ಹಿಂಭಾಗವನ್ನೂ ನೋಡಿದರು.

"ಭೂಮ್ಯಾಗೂ ಇಳೀತಾವೇನ್ರಿ?"

ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಆಳದಲ್ಲಿ ಹಿಡಿದಿದ್ದಾರೆ ಅಂದೆ.

"ನಮ್ಮ ಕೋಲಾರದಾಗ?" ಅಂದವರೇ ನನಗೆ ಕೂರಲು ಜಾಗ ಬಿಟ್ಟರು.