"ರೊಮ್ಯಾಂಟಿಕ್ ಆಗಿತ್ತಾ?" ಕೊನೆಯ ಸಲ ಹೇಳ್ತೀನಿ, ಕೇಳಿ

ಈ ಪ್ರಶ್ನೆಯನ್ನು ಯಾರೂ ನೇರವಾಗಿ ಕೇಳುವುದಿಲ್ಲ. ಮೊದಲು ಆಚೀಚೆ ನೋಡುತ್ತಾರೆ. ಆಮೇಲೆ ದನಿ ತಗ್ಗಿಸುತ್ತಾರೆ. "ಆಫ್ರಿಕಾಗೆ ಹೋಗಿದ್ರಂತೆ? ಕೆರೆ ದಡದಲ್ಲಿ ಟೆಂಟಂತೆ? ಇಬ್ಬರೇ ಅಂತೆ? ರೊಮ್ಯಾಂಟಿಕ್ ಆಗಿತ್ತಾ?" ನಾನು ಈಗ ನಾಚಿಕೊಂಡು "ಅಯ್ಯೋ ಹೋಗ್ರೀ" ಅನ್ನಬೇಕು. ಹದಿನೈದು ವರ್ಷ ಸಂಸಾರ ಮಾಡಿದವಳು ಆ ನಾಚಿಕೆಯನ್ನು ಎಲ್ಲಿಂದ ತರಲಿ?

ಇನ್ನೊಂದು ವಿಷಯ. ನಮ್ಮನೆಯವರಿಗೆ ಈ ಪ್ರಶ್ನೆ ಇವತ್ತಿನವರೆಗೂ ಯಾರೂ ಕೇಳಿಲ್ಲ. ಅವರಿಗೆ ಕೇಳುವುದು ಎರಡೇ. "ಸಿಂಹ ಕಂಡ್ತಾ?" "ಎಷ್ಟಾಯ್ತು?" ಹೋಗಿದ್ದು ಇಬ್ಬರೂ ಒಟ್ಟಿಗೇ. ಸಿಂಹ ಅವರ ಪಾಲಿಗೆ, ರೊಮ್ಯಾನ್ಸ್ ನನ್ನ ಪಾಲಿಗೆ ಹೇಗೆ ಬಂತೋ ಗೊತ್ತಿಲ್ಲ. ಸಿಂಹವನ್ನು ನಾನೇ ಮೊದಲು ನೋಡಿದ್ದು, ಹೇಳಿಬಿಡ್ತೀನಿ. ಅವರು ಕ್ಯಾಮೆರಾದ ಲೆನ್ಸ್ ಒರೆಸುತ್ತಾ ಕೂತಿದ್ದರು.

ಎಲ್ಲಾ ಶುರುವಾಗಿದ್ದು ಒಂದು ಫೋಟೊದಿಂದ. ನೀರಿನ ಪಕ್ಕ ಮೇಜು, ಬಿಳಿ ಬಟ್ಟೆ, ಎರಡು ಲಾಟೀನು, ಹಿಂದೆ ಕೆಂಪು ಆಕಾಶ, ತಾಳೆ ಮರಗಳು, ಎದುರುಬದುರು ಕೂತ ನಾವಿಬ್ಬರು. ನಮ್ಮ ಅತ್ತಿಗೆಗೆ ಮಾತ್ರ ಕಳಿಸಿದ್ದೆ. ಅವರು ಅದನ್ನು ಮನೆಯ ಗ್ರೂಪಿಗೆ ಹಾಕಿದರು, ಮೂರು ಹೃದಯದ ಗುರುತಿನ ಜೊತೆ. ಅಲ್ಲಿಗೆ ಕೆಟ್ಟಿತು.

ಮೊದಲಿಗೆ ಆ "ಆಫ್ರಿಕಾಗೆ" ಅನ್ನುವುದನ್ನು ಬಿಡಿ. ಅಲ್ಲಿ 54 ದೇಶ ಇವೆ. ನಾವು ಹೋಗಿದ್ದು ತಾಂಜಾನಿಯಾಕ್ಕೆ, ಅದರಲ್ಲೂ ದಕ್ಷಿಣ ಭಾಗದ ನ್ಯೆರೆರೆ ರಾಷ್ಟ್ರೀಯ ಉದ್ಯಾನಕ್ಕೆ. ಮೊದಲು ಅದು ಸೆಲೂಸ್ ಅನ್ನುವ ದೊಡ್ಡ ಅಭಯಾರಣ್ಯದ ಭಾಗವಾಗಿತ್ತು. 2019ರಲ್ಲಿ ಬೇರೆ ಮಾಡಿ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಹೆಸರಿಟ್ಟರು. ದಾರ್ ಎಸ್ ಸಲಾಮಿನ ವಿಮಾನ ನಿಲ್ದಾಣಕ್ಕೂ ಅವರದೇ ಹೆಸರು. ರುಫಿಜಿ ನದಿಗೆ ಕಟ್ಟಿರುವ 2,115 ಮೆಗಾವ್ಯಾಟಿನ ಅಣೆಕಟ್ಟಿಗೂ ಅವರದೇ. ಎಲ್ಲದಕ್ಕೂ ಒಬ್ಬರದೇ ಹೆಸರಿಡುವ ವಿಷಯದಲ್ಲಿ ಅಲ್ಲಿಯವರೂ ನಮ್ಮಂತೆಯೇ. ಜನ ನ್ಯೆರೆರೆ ಅವರನ್ನು ಕರೆಯುವುದು 'ಮ್ವಾಲಿಮು' ಅಂತ, ಅಂದರೆ ಮೇಷ್ಟ್ರು. ನನಗೆ ಆ ಹೆಸರು ಬಹಳ ಹಿಡಿಸಿತು.

ಕಾಡು 30 ಸಾವಿರ ಚದರ ಕಿ.ಮೀ.ಗೂ ಜಾಸ್ತಿ. ಇಡೀ ಕರ್ನಾಟಕದ ಆರನೇ ಒಂದು ಪಾಲು ಅಂದುಕೊಳ್ಳಿ. ಅದರೊಳಗೆ ರುಫಿಜಿ ನದಿಗೆ ಅಂಟಿಕೊಂಡು ಸಾಲಾಗಿ ಕೆರೆಗಳಿವೆ. ಅದರಲ್ಲಿ ಮಾಂಜೆ ಅನ್ನುವುದು ನಮ್ಮದು. ನಾಲ್ಕು ರಾತ್ರಿ ಇದ್ದು ಬಂದವಳು 'ನಮ್ಮದು' ಅಂತಿದ್ದೀನಿ ನೋಡಿ.

ಹದಿನೈದನೇ ವರ್ಷದ ನೆನಪಿಗೆ ಹೋಗಿದ್ದು ನಿಜ. ಆದರೆ ನಮ್ಮ ಮದುವೆಯಾಗಿದ್ದು ಏಪ್ರಿಲ್ ಕೊನೆಯಲ್ಲಿ. ಅಲ್ಲಿ ಏಪ್ರಿಲ್, ಮೇ ಅಂದರೆ ದೊಡ್ಡ ಮಳೆಗಾಲ. ದಾರಿಯೆಲ್ಲ ಕೆಸರಾಗಿ ಕ್ಯಾಂಪುಗಳೇ ಬಾಗಿಲು ಹಾಕುತ್ತವೆ. ಹಾಗಾಗಿ ಸೆಪ್ಟೆಂಬರಲ್ಲಿ ಹೋದೆವು. ಆಗ ಕಾಡೊಳಗಿನ ಹೊಂಡಗಳು ಬತ್ತಿ ಪ್ರಾಣಿಗಳೆಲ್ಲ ಕೆರೆಗೆ ಬರುತ್ತವೆ. ಐದು ತಿಂಗಳು ತಡವಾಗಿ ಆಚರಿಸಿದ ವಾರ್ಷಿಕೋತ್ಸವ ಎಷ್ಟು ರೊಮ್ಯಾಂಟಿಕ್ ಅಂತ ನೀವೇ ಲೆಕ್ಕ ಹಾಕಿ.

ದಾರ್ ಎಸ್ ಸಲಾಮಿನಿಂದ ಪುಟ್ಟ ವಿಮಾನ. ತಲೆಗೆ 15 ಕೆಜಿ ಸಾಮಾನು, ಅದೂ ಮೆತ್ತನೆ ಬ್ಯಾಗಿನಲ್ಲಿ. ಆ ದೇಶದಲ್ಲಿ 2019ರಿಂದ ಪ್ಲಾಸ್ಟಿಕ್ ಕವರ್ ನಿಷೇಧ. ಚಟ್ನಿಪುಡಿಯನ್ನು ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಹೋದೆ, ಅದರ ತೂಕವೂ ಆ 15ರಲ್ಲೇ. ಊಟದ ಬಗ್ಗೆ ಕೇಳುವವರಿಗೆ ಇಲ್ಲೇ ಹೇಳಿಬಿಡ್ತೀನಿ, ಸಸ್ಯಾಹಾರಿಗಳು ಸಾಯುವುದಿಲ್ಲ. ಚಪಾತಿಗೆ ಅಲ್ಲೂ ಚಪಾತಿ ಅಂತಲೇ ಅನ್ನುತ್ತಾರೆ. ಚಹಾಕ್ಕೆ ಚಾಯ್. ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಅಂತ ಒಂದಿದೆ, ನಮ್ಮ ಮುದ್ದೆಯ ಬಿಳಿ ತಮ್ಮ. ಚಟ್ನಿಪುಡಿ ಜೊತೆ ಚೆನ್ನಾಗಿ ಹೊಂದಿತು.

ಇನ್ನು ಬಟ್ಟೆ. ಫೋಟೊ ಚೆನ್ನಾಗಿ ಬರಲಿ ಅಂತ ಕಡು ನೀಲಿ ಕುರ್ತಾ ಹೊಲಿಸಿದ್ದೆ. ಮೊದಲ ದಿನ ಬೆಳಗ್ಗೆ ಅದನ್ನೇ ಹಾಕಿಕೊಂಡು ಜೀಪ್ ಹತ್ತಿದೆ. ಗೈಡ್ ನನ್ನನ್ನು ನೋಡಿದ, ಏನೋ ಹೇಳಲು ಬಾಯಿ ತೆರೆದ, ಸುಮ್ಮನಾದ. ಹತ್ತು ನಿಮಿಷಕ್ಕೆ ಕಾರಣ ಗೊತ್ತಾಯಿತು. ಅಲ್ಲಿ ಟ್ಸೆಟ್ಸೆ ಅನ್ನುವ ನೊಣ ಇದೆ. ಅದಕ್ಕೆ ನೀಲಿ, ಕಪ್ಪು ಅಂದರೆ ಪ್ರಾಣ. ಅದನ್ನು ಹಿಡಿಯಲು ಹಾಕುವ ಬೋನನ್ನೂ ನೀಲಿ, ಕಪ್ಪು ಬಟ್ಟೆಯಲ್ಲೇ ಮಾಡುತ್ತಾರೆ. ಅವತ್ತು ಆ ಬೋನು ನಾನೇ. ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ, ಸೂಜಿ ಚುಚ್ಚಿದ ಹಾಗೆ, ಹೊಡೆದರೂ ಮತ್ತೆ ಎದ್ದು ಬರುತ್ತದೆ. ಪಕ್ಕದಲ್ಲಿ ಮಾಸಲು ಅಂಗಿ ಹಾಕಿದ್ದ ನಮ್ಮನೆಯವರಿಗೆ ಒಂದೇ ಒಂದು ಕಚ್ಚಿತು. ಅದಕ್ಕೂ ಅವರು ಮೂರು ದಿನ ಮುಲಾಮು ಹಚ್ಚಿಕೊಂಡರು.

ರಾತ್ರಿ ಬಗ್ಗೆ ತಾನೇ ನಿಮ್ಮ ಕುತೂಹಲ? ಹೇಳ್ತೀನಿ. ಕ್ಯಾಂಪಿಗೆ ಬೇಲಿ ಇಲ್ಲ. ನಮಗೂ ಪ್ರಾಣಿಗಳಿಗೂ ನಡುವೆ ಇರುವುದು ಟೆಂಟಿನ ಬಟ್ಟೆ, ಒಂದು ಜಿಪ್ಪು. ಹಗಲೆಲ್ಲ ನೀರಲ್ಲಿ ಬಿದ್ದಿರುವ ನೀರಾನೆಗಳು ಕತ್ತಲಾದ ಮೇಲೆ ಮೇಯಲು ದಡ ಹತ್ತುತ್ತವೆ. ಒಂದೊಂದೂ ರಾತ್ರಿಗೆ ಸುಮಾರು 40 ಕೆಜಿ ಹುಲ್ಲು ತಿನ್ನುತ್ತದಂತೆ. ಅದರಲ್ಲಿ ಒಂದು ಹತ್ತು ಕೆಜಿಯನ್ನು ನನ್ನ ದಿಂಬಿನ ಪಕ್ಕದಲ್ಲೇ ತಿಂದಿತು. ಹುಲ್ಲು ಕೀಳುವ ಸದ್ದು, ಅಗಿಯುವ ಸದ್ದು. ನಡುನಡುವೆ ಕೆರೆಯಲ್ಲಿದ್ದ ಉಳಿದವು ಅರಳಿಕಟ್ಟೆ ಮೇಲೆ ಕೂತ ಅಜ್ಜಂದಿರ ಹಾಗೆ ಹೋ ಹೋ ಹೋ ಅಂತ ನಗುತ್ತಿದ್ದವು. ನನಗೆ ಬಾತ್‌ರೂಮಿಗೆ ಹೋಗಬೇಕಿತ್ತು. ಅದು ಟೆಂಟಿನ ಹಿಂದೆ ನಾಲ್ಕು ಹೆಜ್ಜೆ, ಮೇಲೆ ಸೂರಿಲ್ಲ. ನಮ್ಮನೆಯವರನ್ನು ಎಬ್ಬಿಸಿದೆ. ಅವರು ಕಣ್ಣು ಬಿಡದೆಯೇ ಹೇಳಿದರು: "ಹೋಗು, ಅದು ಹುಲ್ಲು ತಿನ್ನೋ ಪ್ರಾಣಿ."

ಬೆಳಗಿನವರೆಗೆ ತಡೆದುಕೊಂಡೆ. ಬರೆದುಕೊಳ್ಳಿ, ಇದೂ ನಿಮ್ಮ ರೊಮ್ಯಾನ್ಸಿನ ಲೆಕ್ಕಕ್ಕೆ.

ಸರಿ, ಫೋಟೊಗೆ ಬರೋಣ. ಅದನ್ನು ನೂರು ಜನ ನೋಡಿದ್ದಾರೆ. ಜಾಗ ಯಾವುದು, ಖರ್ಚೆಷ್ಟು, ಸೀರೆ ಎಲ್ಲಿಯದು, ಎಲ್ಲಾ ಕೇಳಿದರು. ಫೋಟೊದಲ್ಲಿ ನಾವಿಬ್ಬರೂ ಇದ್ದೀವಿ, ಹಾಗಾದರೆ ಅದನ್ನು ತೆಗೆದವರು ಯಾರು ಅಂತ ಒಬ್ಬರೂ ಕೇಳಲಿಲ್ಲ.

ಅಲ್ಲಿ ನಾವು ಇಬ್ಬರೇ ಇದ್ದದ್ದು ಜಿಪ್ಪಿನ ಒಳಗೆ ಮಾತ್ರ. ನಡೆದು ಕಾಡು ನೋಡಲು ಹೊರಟರೆ ಮುಂದೆ ಬಂದೂಕು ಹಿಡಿದ ರೇಂಜರ್. ಕತ್ತಲಾದ ಮೇಲೆ ಟೆಂಟಿನಿಂದ ಊಟಕ್ಕೆ ಹೋಗಬೇಕಾದರೆ ಟಾರ್ಚ್ ಬೀಸಿ ಕರೆಯಬೇಕು, ಕಾವಲಿನವನು ಬರುತ್ತಾನೆ. ಅಲ್ಲಿ ಅವರಿಗೆ ಅಸ್ಕಾರಿ ಅನ್ನುತ್ತಾರೆ. ನಮಗೆ ಸಿಕ್ಕವನು ಐವತ್ತರ ಆಸುಪಾಸಿನವನು, ತೆಳ್ಳಗೆ, ರಬ್ಬರ್ ಚಪ್ಪಲಿ. ಫೋಟೊ ತೆಗೆದವನು ಅವನೇ. ತೆಗೆದು, ಫೋನು ವಾಪಸ್ ಕೊಟ್ಟು, ಎಂಟು ಹೆಜ್ಜೆ ದೂರದಲ್ಲಿ ನೀರಿನ ಕಡೆ ಮುಖ ಮಾಡಿ ನಿಂತ. ನಮ್ಮ ಊಟ ಮುಗಿಯುವವರೆಗೂ ಮೊಸಳೆ ಬರದಂತೆ ಕಾಯುವುದು ಅವನ ಕೆಲಸ.

ಸೂಪು ಬಂತು. ಆಮೇಲೆ ಆನೆ ಬಂತು. ಎಲ್ಲಿಂದ ಬಂತೋ, ಇಷ್ಟು ದೊಡ್ಡ ಪ್ರಾಣಿ ಅಷ್ಟು ಸದ್ದಿಲ್ಲದೆ ಹೇಗೆ ಬಂತೋ. ನಮ್ಮ ಮೇಜಿನ ಹತ್ತಿರದ ತಾಳೆ ಮರದ ಕೆಳಗೆ ಹಣ್ಣು ಉದುರಿದ್ದವು, ಬೇಸಿಗೆಯಲ್ಲಿ ನಾವು ತಾಟಿನಿಂಗು ತಿನ್ನುತ್ತೇವಲ್ಲ, ಅದರ ದಾಯಾದಿ ಮರ. ಅಸ್ಕಾರಿ ಕೂಗಲಿಲ್ಲ. ಅಂಗೈ ನೆಲದ ಕಡೆ ಒತ್ತಿ ತೋರಿಸಿದ, ಕೂತೇ ಇರಿ ಅಂತ. ಕೂತೆವು. ಅದು ಒಂದೊಂದೇ ಹಣ್ಣನ್ನು ಸೊಂಡಿಲಲ್ಲಿ ಎತ್ತಿ, ಉಜ್ಜಿ, ಬಾಯಿಗೆ ಹಾಕಿಕೊಳ್ಳುತ್ತಿತ್ತು, ಯಾವ ಅವಸರವೂ ಇಲ್ಲ, ನಾವು ಉಸಿರು ಬಿಟ್ಟೆವೋ ಇಲ್ಲವೋ ನೆನಪಿಲ್ಲ, ಅರ್ಧ ಗಂಟೆ ಅಂತೂ ಆಗಿತ್ತು. ನಮ್ಮನೆಯವರು ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಿದ್ದರು. ಹೌದು, ಹಿಡಿದುಕೊಂಡಿದ್ದರು, ಖುಷಿನಾ? ಎರಡು ಗಾಜಿನ ಬಳೆ ಒಡೆಯಿತು. ಆನೆ ಹೋದ ಮೇಲೆ ಅವರು ಆಡಿದ ಮೊದಲ ಮಾತು: "ಸೂಪ್ ಆರೋಯ್ತು."

ಅವತ್ತು ರಾತ್ರಿ ಬೆಂಕಿಯ ಹತ್ತಿರ ಕೂತಾಗ ಅಸ್ಕಾರಿ ಜೊತೆ ಮಾತಾಡಿದೆ. ಗೈಡ್ ನಡುವೆ ನಿಂತು ಇಂಗ್ಲಿಷಿಗೆ ತಿರುಗಿಸುತ್ತಿದ್ದ. ಅವನ ಊರು ಕಾಡಿನ ಹೊರಗೆ, ರುಫಿಜಿ ದಂಡೆಯಲ್ಲಿ. ಭತ್ತ, ಮೆಕ್ಕೆಜೋಳ ಬೆಳೆಯುತ್ತಾರೆ. ಪೈರು ಬಂತೆಂದರೆ ಆನೆ, ನೀರಾನೆ, ಹಂದಿ ಎಲ್ಲಾ ಬರುತ್ತವೆ. ಹೊಲದಲ್ಲಿ ಕಂಬಗಳ ಮೇಲೆ ಗುಡಿಸಲು ಕಟ್ಟಿಕೊಂಡು ರಾತ್ರಿಯೆಲ್ಲ ಕಾಯಬೇಕು. ಆ ಗುಡಿಸಲಿಗೆ 'ಡುಂಗು' ಅನ್ನುತ್ತಾರೆ. ಇವನು ಇಲ್ಲಿ ಸಂಬಳಕ್ಕೆ ನಮ್ಮನ್ನು ಆನೆಯಿಂದ ಕಾಯುತ್ತಾನೆ. ಅಲ್ಲಿ ಹೊಲ ಕಾಯುವವರು ಅವನ ಹೆಂಡತಿ, ದೊಡ್ಡ ಮಗ.

ನಾನು ಹೇಳಿದೆ, ನಮ್ಮ ತಾತನ ಹೊಲ ಹೆಗ್ಗಡದೇವನಕೋಟೆ ಕಡೆ, ಅಲ್ಲೂ ಹೀಗೇ, ಮರದ ಮೇಲೆ ಅಟ್ಟಣೆ ಕಟ್ಟಿ, ತಗಡಿನ ಡಬ್ಬ ಬಡಿದು, ಪಟಾಕಿ ಹೊಡೆದು ರಾಗಿ ಕಾಯುತ್ತಿದ್ದರು, ಒಂದು ವರ್ಷ ಆನೆಗಳು ಒಂದೇ ರಾತ್ರಿಯಲ್ಲಿ ಅರ್ಧ ಹೊಲ ಮುಗಿಸಿದ್ದವು. ಅವನು ಕೇಳಿ ಜೋರಾಗಿ ನಕ್ಕ. ಆಮೇಲೆ ನಿಜವಾಗಿಯೂ ಅರ್ಥವಾಗದೆ ಕೇಳಿದ. "ನಿಮ್ಮೂರಲ್ಲೇ ಆನೆ ಇದೆ. ಹೊಲಕ್ಕೇ ಬರುತ್ತದೆ. ಮತ್ತೆ ಅಷ್ಟು ದುಡ್ಡು ಕೊಟ್ಟು ಇಲ್ಲಿ ಆನೆ ನೋಡೋಕೆ ಯಾಕೆ ಬಂದಿರಿ?"

"ಕಬಿನಿಗೇ ಹೋಗಬಹುದಿತ್ತಲ್ಲ" ಅಂತ ನಮ್ಮ ಚಿಕ್ಕಪ್ಪನೂ ಅಂದಿದ್ದರು. ಅಡುಗೆಮನೆ ರಿಪೇರಿಗೆ ಎತ್ತಿಟ್ಟಿದ್ದ ದುಡ್ಡು ಅದು ಅಂತ ಅವರಿಗೆ ಗೊತ್ತು. ಅವರಿಗೆ ನನ್ನ ಹತ್ತಿರ ಉತ್ತರ ಸಿದ್ಧ ಇತ್ತು. ಕಬಿನಿ ಬೇರೆ, ಇದು ಬೇರೆ. 1970ರ ದಶಕದಲ್ಲಿ ಸೆಲೂಸಿನ ಕಡೆ ಒಂದು ಲಕ್ಷದಷ್ಟು ಆನೆಗಳಿದ್ದವು. ದಂತಕ್ಕಾಗಿ ಕೊಂದು ಕೊಂದು 2013ರ ಎಣಿಕೆಗೆ ಸುಮಾರು 13 ಸಾವಿರ ಉಳಿದಿದ್ದವು. ಉಳಿದದ್ದನ್ನು ಒಮ್ಮೆ ನೋಡಬೇಕು. ಇದನ್ನೆಲ್ಲ ಚಿಕ್ಕಪ್ಪನಿಗೆ ಜೋರಾಗಿಯೇ ಹೇಳಿದ್ದೆ. ಆ ಅಸ್ಕಾರಿಯ ಮುಂದೆ ಒಂದು ಮಾತೂ ಬರಲಿಲ್ಲ. ನಮ್ಮನೆಯವರನ್ನು ತೋರಿಸಿ, "ಇವರು ಕರ್ಕೊಂಡು ಬಂದ್ರು" ಅಂದುಬಿಟ್ಟೆ. ಸುಳ್ಳು. ಟಿಕೆಟ್ ಬುಕ್ ಮಾಡಿದ್ದು ನಾನೇ. ಅವನು ಅರ್ಥವಾದವನಂತೆ ತಲೆ ಆಡಿಸಿ, ನಮ್ಮನ್ನು ಟೆಂಟಿನವರೆಗೆ ಬಿಟ್ಟು, ಜಿಪ್ಪು ಹಾಕಿದ್ದು ಕೇಳಿಸಿಕೊಂಡು ಹೋದ.

ಅಡುಗೆಮನೆ ಸಿಂಕ್ ಇನ್ನೂ ಸೋರುತ್ತಿದೆ. ಅದನ್ನು ಕೇಳುವವರು ಅದನ್ನೂ ಇಲ್ಲೇ ಓದಿಕೊಳ್ಳಿ.

ಅಂದ ಹಾಗೆ, ನಮ್ಮ ಅಣ್ಣ, ಅತ್ತಿಗೆ ಮುಂದಿನ ಸೆಪ್ಟೆಂಬರಿಗೆ ಅಲ್ಲಿಗೇ ಹೊರಟಿದ್ದಾರೆ. ಮೊನ್ನೆ ಅತ್ತಿಗೆ ಫೋನ್ ಮಾಡಿದ್ದರು. "ಫೋಟೊಗೆ ಅಂತಲೇ ಎರಡು ಡ್ರೆಸ್ ತಗೊಂಡೆ ಕಣೇ, ಎರಡೂ ಕಡು ನೀಲಿ, ಆ ಕೆರೆ ಮುಂದೆ ಚೆನ್ನಾಗಿ ಕಾಣುತ್ತೆ ಅಲ್ವಾ?" ಅಂದರು. ಚೆನ್ನಾಗಿ ಕಾಣುತ್ತೆ ಅಂದೆ.