ಸೊನ್ನೆ ಬಿಲ್ಲು, ತಾರಸಿ ಸೋಲಾರ್

ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರೋ ಮನೆಗೆ ಸೋಲಾರ್ ಹಾಕಿಸೋಕೆ ದುಡ್ಡಿನ ಕಾರಣವೇ ಉಳಿಯಲ್ಲ. ಆದ್ರೆ ಆ ಕರೆಂಟಿಗೂ ರಾಯಚೂರು, ಬಳ್ಳಾರಿಯಲ್ಲಿ ಕಲ್ಲಿದ್ದಲು ಉರೀಬೇಕು. ದಾವಣಗೆರೆಯಂಥ ಬಿಸಿಲೂರಲ್ಲಿ ಇದು ನಿಜಕ್ಕೂ ನೋವಿನ ಮಾತು.

200 ಯೂನಿಟ್ ದಾಟೋರು ಮಾತ್ರ ತಡಮಾಡಬೇಡಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ; ಪ್ಯಾನೆಲ್ಲಷ್ಟೇ ಅಲ್ಲ, ಒಳಗಿನ ಸೆಲ್ಲೂ ಭಾರತದಲ್ಲೇ ತಯಾರಾಗಿರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಪ್ಯಾನೆಲ್ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ, ಹಳೇ ಕೊಟೇಶನ್ ಒಪ್ಪಬೇಡಿ.

ನೀರಿನ ಟ್ಯಾಂಕಿನ ನೆರಳು ಒಂದೇ ಪ್ಯಾನೆಲ್ ಮೇಲೆ ಬಿದ್ರೂ ಇಡೀ ಸಾಲಿನ ಉತ್ಪಾದನೆ ಕುಗ್ಗುತ್ತೆ. ತೊಳೆಯೋದಾದ್ರೆ ಬೆಳಗ್ಗೆ ಬಿಸಿಲೇರೋ ಮುಂಚೆ. ಕಾದ ಗಾಜು ತಣ್ಣೀರಿಗೆ ಸೀಳಬಹುದು. ಬೋರ್‌ವೆಲ್ಲಿನ ಗಡಸು ನೀರಾದ್ರೆ ಒಣಗೋಕೆ ಬಿಡದೆ ಒರೆಸಿ, ಬಿಳಿ ಕಲೆ ಕೂತ್ರೆ ಬೆಳಕು ತಡೆಯುತ್ತೆ.